ದೂರದ ದಾರಿಗೆ ಹೊಸ ಗಾಡಿ ಸಜ್ಜಾಗುವ ಬಗೆ

ಹೊಸ ಬೈಕು ಮನೆಗೆ ಬಂದ ದಿನ ಟೈರಿನಡಿ ನಿಂಬೆಹಣ್ಣು ಒಡೆಯುತ್ತದೆ, ಹ್ಯಾಂಡಲ್ಲಿಗೆ ಹಾರ ಬೀಳುತ್ತದೆ. ಹಾರ ಬಾಡುವ ಮೊದಲೇ ಹುಡುಗರ ಮೊಬೈಲಿನಲ್ಲಿ ಸಾಮಾನಿನ ಹುಡುಕಾಟ ಶುರುವಾಗಿರುತ್ತದೆ: ಲೋಹದ ಪೆಟ್ಟಿಗೆ, ಫಾಗ್ ಲ್ಯಾಂಪು, ಎತ್ತರದ ವಿಂಡ್‌ಶೀಲ್ಡು, ಮೊಬೈಲ್ ಸ್ಟ್ಯಾಂಡು. ಲಡಾಖ್ ಇರಲಿ, ಗೋಕರ್ಣ ಇರಲಿ, ಹೋಗುವ ದಿನ ಇನ್ನೂ ನಿಶ್ಚಯವಾಗಿರುವುದಿಲ್ಲ, ಸಾಮಾನಿನ ದುಡ್ಡು ಮಾತ್ರ ಖರ್ಚಾಗಿರುತ್ತದೆ. ಮಂಡ್ಯ ಸೀಮೆಯ ಗೆಳೆಯರು ಸಲಹೆ ಕೇಳಿದಾಗ ನಾನು ಒಂದೇ ಮಾತು ಹೇಳುತ್ತೇನೆ. ಏನನ್ನೂ ಕೊಳ್ಳುವ ಮೊದಲು, ಪ್ರವಾಸಕ್ಕೆ ಹೊರಲಿರುವಷ್ಟೇ ತೂಕವನ್ನು ಗಾಡಿಯ ಮೇಲೆ ಹೇರಿ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿ ಬನ್ನಿ. ನೂರು ಕಿ.ಮೀ. ಒಳಗಿನ ಈ ಸುತ್ತಿನಲ್ಲಿ ಸರ್ವಿಸ್ ರಸ್ತೆ ಇದೆ, ಹಂಪುಗಳಿವೆ, ನಾಲೆ ಏರಿಯ ಕಿರಿದಾರಿ ಇದೆ, ಕಬ್ಬಿನ ಟ್ರ್ಯಾಕ್ಟರ್ ಇದೆ. ಗಾಡಿಗೆ ಏನು ಬೇಕು, ಏನು ಬೇಡ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೊದಲು ದಾರಿಯ ವಿಚಾರ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ಹಾಗಾಗಿ ಮಂಡ್ಯದವರು ಬೈಕಿನಲ್ಲಿ ಬೆಂಗಳೂರು ಕಡೆಗೋ ಮೈಸೂರು ಕಡೆಗೋ ಹೊರಟರೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎದುರಿನಿಂದ ಗಾಡಿ ಬರುತ್ತದೆ, ಊರೂರಿಗೂ ತಿರುವು ಸಿಗುತ್ತದೆ, ಮೇವಿನ ಹೊರೆ ಹೊತ್ತ ಟಿವಿಎಸ್ ಎಕ್ಸೆಲ್ ಅಡ್ಡ ಬರುತ್ತದೆ. ಗಂಟೆಗೆ ನೂರು ಕಿ.ಮೀ. ವೇಗಕ್ಕೆಂದು ಮಾಡಿದ ಎತ್ತರದ ವಿಂಡ್‌ಶೀಲ್ಡು ನಿಮ್ಮ ಪಟ್ಟಿಯಲ್ಲಿ ಮೊದಲನೆಯದಾಗಿದ್ದರೆ ಕೊನೆಗೆ ತಳ್ಳಿ. ಈ ದಾರಿಗೆ ಬೇಕಾದದ್ದು ಹೊರೆಯ ಜೊತೆಗೂ ಸರಿಯಾಗಿ ನಿಲ್ಲುವ ಬ್ರೇಕು, ತೂಕಕ್ಕೆ ಹೊಂದಿಸಿದ ಶಾಕ್ ಅಬ್ಸಾರ್ಬರು, ದೂರಕ್ಕೆ ಕೇಳುವ ಹಾರ್ನು.

ಹೊಸ ಇಂಜಿನ್ ಪಳಗಿದ ಮೇಲೆಯೇ ದೂರದ ಮಾತು. ಸಿಲಿಂಡರಿನ ಗೋಡೆಗೂ ಪಿಸ್ಟನ್ ರಿಂಗಿಗೂ ಹೊಂದಾಣಿಕೆಯಾಗುವುದು ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ. ಆಗ ಸವೆಯುವ ಲೋಹದ ಸಣ್ಣ ಪುಡಿ ಇಂಜಿನ್ ಆಯಿಲಿನಲ್ಲಿ ಉಳಿಯುತ್ತದೆ. ಮೊದಲ ಸರ್ವಿಸಿನಲ್ಲಿ ಆಯಿಲ್ ಬದಲಿಸುವುದು ಇದಕ್ಕಾಗಿ. ಸಾಮಾನ್ಯವಾಗಿ ಈ ಸರ್ವಿಸ್ 500ರಿಂದ 1000 ಕಿ.ಮೀ. ನಡುವೆ ಬರುತ್ತದೆ, ನಿಮ್ಮ ಗಾಡಿಯ ಅಂಕಿ ಕೈಪಿಡಿಯಲ್ಲಿದೆ. ಅಲ್ಲಿಯವರೆಗೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬಾರದು, ಮೇಲಿನ ಗೇರಿನಲ್ಲಿ ನಿಧಾನಕ್ಕೆ ಎಳೆಸಬಾರದು. ಊರೂರಿಗೆ ಗೇರು ಬದಲಾಗುವ ಮದ್ದೂರು–ಮಳವಳ್ಳಿ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ಹೊಸ ಟೈರಿನ ಮೇಲ್ಮೈಯೂ ಮೊದಲ ನೂರು ನೂರೈವತ್ತು ಕಿ.ಮೀ. ನುಣುಪಾಗಿರುತ್ತದೆ. ಆಗ ತಿರುವಿನಲ್ಲಿ ಹೆಚ್ಚು ವಾಲಬೇಡಿ.

ಇನ್ನು ತೂಕ. ಬೇರೆಲ್ಲಕ್ಕಿಂತ ಇದರ ಮೇಲೆ ನನಗೆ ಕಾಳಜಿ ಹೆಚ್ಚು, ಏಕೆಂದರೆ ಜನ ಹೆಚ್ಚು ತಪ್ಪುವುದು ಇಲ್ಲೇ. ಹೊರೆ ಕಟ್ಟುವ ವಿದ್ಯೆಯನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ನಿಂತು ನೋಡಿ. ಹಾಲು ತರುವವರು ಕ್ಯಾನುಗಳನ್ನು ಎರಡು ಪಕ್ಕಕ್ಕೂ ಸಮನಾಗಿ, ಹಿಂದಿನ ಚಕ್ರದ ಅಚ್ಚಿನ ಮಟ್ಟಕ್ಕೆ ಸಾಧ್ಯವಾದಷ್ಟು ಹತ್ತಿರ, ತಗ್ಗಾಗಿ ನೇತುಹಾಕಿರುತ್ತಾರೆ. ಒಂದು ಕಡೆ ತುಂಬಿದ್ದು, ಇನ್ನೊಂದು ಕಡೆ ಖಾಲಿ ಎಂದಾದರೆ ಗಾಡಿ ಎಳೆಯುತ್ತದೆಂದು ಅವರಿಗೆ ಗೊತ್ತು. ಅರ್ಧ ತುಂಬಿದ ಕ್ಯಾನು ತುಳುಕಿ ತಿರುವಿನಲ್ಲಿ ತೊನೆಸುತ್ತದೆಂದೂ ಗೊತ್ತು. ಪಕ್ಕದ ಚೀಲಗಳ ಸೂತ್ರವೂ ಇಷ್ಟೇ: ತಗ್ಗು, ಸಮ, ಬಿಗಿ, ಸವಾರನ ಬೆನ್ನಿಗೆ ಹತ್ತಿರ. ಭಾರದ ವಸ್ತು ಚೀಲದ ತಳಕ್ಕೆ, ಬಟ್ಟೆ ಮೇಲಕ್ಕೆ.

ಇದರ ಹಿಂದೆ ಒಂದು ಸಣ್ಣ ಲೆಕ್ಕವಿದೆ. ಎರಡು ಚಕ್ರಗಳ ಅಚ್ಚುಗಳ ನಡುವೆ 140 ಸೆಂ.ಮೀ. ಅಂತರವಿರುವ ಬೈಕಿನಲ್ಲಿ, ಹಿಂದಿನ ಅಚ್ಚಿನಿಂದ 30 ಸೆಂ.ಮೀ. ಹಿಂದಕ್ಕೆ 10 ಕೆ.ಜಿ. ತೂಕದ ಪೆಟ್ಟಿಗೆ ಕೂರಿಸಿದಿರಿ ಎನ್ನಿ. ಹಿಂದಿನ ಚಕ್ರದ ಮೇಲೆ 12 ಕೆ.ಜಿ.ಗೂ ಮೀರಿದ ಭಾರ ಬೀಳುತ್ತದೆ, ಮುಂದಿನ ಚಕ್ರದಿಂದ 2 ಕೆ.ಜಿ.ಗೂ ಹೆಚ್ಚು ಕಳೆದುಹೋಗುತ್ತದೆ. ಏತದ ಮರದ ಒಂದು ತುದಿ ತಗ್ಗಿದರೆ ಇನ್ನೊಂದು ಏಳುವಂತೆ. ದಾರಿ ಹಿಡಿಯುವುದೂ ಹೆಚ್ಚಿನ ಬ್ರೇಕು ಹಿಡಿಯುವುದೂ ಮುಂದಿನ ಚಕ್ರವೇ. ಅದು ಹಗುರಾದಷ್ಟೂ ಹ್ಯಾಂಡಲು ತೇಲಿದಂತಾಗುತ್ತದೆ, ವೇಗದಲ್ಲಿ ನಡುಗುತ್ತದೆ. ಸೀಟಿನ ಹಿಂದಿನ ಎತ್ತರದ ಟಾಪ್ ಬಾಕ್ಸಿಗೆ ರೇನ್ ಕೋಟು, ತಿಂಡಿ ಪೊಟ್ಟಣ ಹಾಕಿ, ಸ್ಪಾನರ್ ಸೆಟ್ಟನ್ನು ಹಾಕಬೇಡಿ.

ಎಷ್ಟು ಹೊರಬಹುದು ಎಂಬುದಕ್ಕೂ ಮಿತಿಯಿದೆ. ಕೈಪಿಡಿಯಲ್ಲಿ ಗಾಡಿಯ ಸ್ವಂತ ತೂಕ, ಹೊರೆ ಸೇರಿದ ಗರಿಷ್ಠ ತೂಕ ಎರಡೂ ಇರುತ್ತವೆ. ಮಾತಿಗೆ ಸ್ವಂತ ತೂಕ 180, ಗರಿಷ್ಠ 350 ಎಂದರೆ ಉಳಿಯುವುದು 170 ಕೆ.ಜಿ. ಗಂಡ ಹೆಂಡತಿ ಇಬ್ಬರೂ ಹೆಲ್ಮೆಟ್, ಜಾಕೆಟ್ ಸಮೇತ 140 ಕೆ.ಜಿ. ಆದರೆ ಲಗೇಜಿಗೆ ಸಿಕ್ಕಿದ್ದು 30 ಮಾತ್ರ. ಲೋಹದ ಜೋಡಿ ಪೆಟ್ಟಿಗೆಯೂ ಅದನ್ನು ಹಿಡಿಯುವ ಕಬ್ಬಿಣದ ಚೌಕಟ್ಟೂ ಸೇರಿ ಹತ್ತು ಹನ್ನೆರಡು ಕೆ.ಜಿ. ಸುಲಭವಾಗಿ ತೂಗುತ್ತವೆ, ಒಳಗೆ ಒಂದು ಪಂಚೆ ಇಡುವ ಮೊದಲೇ. ಜೋಡಿಯಾಗಿ ಹೋಗುವವರಿಗೆ ಬಟ್ಟೆಯ ಚೀಲವೇ ಮೇಲೆಂದು ನಾನು ಹೇಳುವುದು ಇದಕ್ಕೆ. ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಕವರು ಹಾಕಿದರೆ ಮಳೆಗೂ ಚಿಂತೆಯಿಲ್ಲ.

ಚೀಲ ಹಾಕಲು ಅಡ್ಡವೆಂದು ಸಾರಿ ಗಾರ್ಡ್ ಬಿಚ್ಚಿಸುವವರಿದ್ದಾರೆ. ದಯವಿಟ್ಟು ಬೇಡ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ನಿಯಮ ಹಾಗಿರಲಿ, ಸೀರೆ ಸೆರಗು, ವೇಲು ಚಕ್ರಕ್ಕೆ ಸಿಕ್ಕಿದ ಸುದ್ದಿ ಕೇಳದ ಊರೇ ನಮ್ಮಲ್ಲಿಲ್ಲ. ಬಟ್ಟೆಯ ಚೀಲ ಟೈರಿಗೂ ಸೈಲೆನ್ಸರಿಗೂ ತಗುಲದಂತೆ ಕಂಬಿಯ ಚೌಕಟ್ಟು ಹಾಕಿಸಿ, ಸಾರಿ ಗಾರ್ಡ್ ಇದ್ದಲ್ಲೇ ಇರಲಿ. ನಂಬರ್ ಪ್ಲೇಟೂ ಹಿಂದಿನ ದೀಪವೂ ಹೊರೆಯಿಂದ ಮುಚ್ಚದಿರಲಿ.

ತೂಕ ಹೇರಿದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿ ಮಾಡಬೇಕು. ಅದಕ್ಕೆ ಬೇಕಾದ ಸಿ ಆಕಾರದ ಸ್ಪಾನರ್ ಗಾಡಿಯ ಟೂಲ್ ಕಿಟ್ಟಿನಲ್ಲೇ ಎಷ್ಟೋ ಸಲ ಇರುತ್ತದೆ. ಒಟ್ಟು ಎಷ್ಟು ಕುಗ್ಗಬಲ್ಲದೋ ಅದರ ಮೂರರಲ್ಲೊಂದು ಪಾಲು ಮಾತ್ರ ನಿಮ್ಮ ಭಾರಕ್ಕೆ ಕುಗ್ಗಿದರೆ ಹದ. ಇದನ್ನು ಮಾಡದೆ ಹೊರಟರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ದೀಪದ ಬೆಳಕು ಮರದ ರೆಂಬೆಗೆ ಬೀಳುತ್ತದೆ. ನಿಮಗೆ ರಸ್ತೆ ಕಾಣದು, ಎದುರಿನವರಿಗೆ ಕಣ್ಣು ಕಾಣದು. ದೀಪದ ಬಲ್ಬು ಬದಲಿಸಬೇಕೆಂದು ಬಂದವರಿಗೆ ಸ್ಪ್ರಿಂಗ್ ಎರಡು ಹಲ್ಲು ಬಿಗಿ ಮಾಡಿದ್ದರಿಂದಲೇ ಸರಿಹೋದದ್ದನ್ನು ನಾನು ಕಂಡಿದ್ದೇನೆ.

ಹಾಗಾದರೆ ಹೆಚ್ಚುವರಿ ದೀಪ ಬೇಡವೇ? ಈ ಸೀಮೆಯಲ್ಲಿ ಬೇಕೆನ್ನುವುದಕ್ಕೆ ಕಾರಣವಿದೆ. ಮಂಡ್ಯದ ಮೈಷುಗರ್, ಕೆ.ಎಂ. ದೊಡ್ಡಿಯ ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲು. ಹೇರಿದ ಕಬ್ಬು ಟ್ರೈಲರಿಗಿಂತ ಹೊರಕ್ಕೆ ಚಾಚಿರುತ್ತದೆ, ಹಿಂದಿನ ಕೆಂಪು ದೀಪವನ್ನೇ ಸೋಗೆ ಮುಚ್ಚಿರುತ್ತದೆ. ಗದ್ದೆಯಿಂದ ಏರಿ ಬಂದ ಚಕ್ರಗಳು ಡಾಂಬರಿನ ಮೇಲೆ ಕೆಸರು ಉದುರಿಸಿರುತ್ತವೆ. ತಗ್ಗಾಗಿ, ಅಗಲವಾಗಿ ಬೀಳುವ ಹಳದಿ ದೀಪದ ಒಂದು ಜೋಡಿ ರಸ್ತೆಯ ಅಂಚು, ಕೆಸರು, ಚಾಚಿದ ಕಬ್ಬು ಮೂರನ್ನೂ ತೋರಿಸುತ್ತದೆ. ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬೇರೆಯವರನ್ನು ಕುರುಡಾಗಿಸುತ್ತದೆ. ಅಂಥ ದೀಪಗಳ ಮೇಲೆ ಕೇಸು ಹಾಕುವ ಕಾರ್ಯಾಚರಣೆಯನ್ನು ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ರಾಜ್ಯದಾದ್ಯಂತ ನಡೆಸಿದರು. ದೀಪವನ್ನು ಕೆಳಮುಖವಾಗಿ ಕೂರಿಸಿ, ಎದುರಿಗೆ ಗಾಡಿ ಕಂಡಾಗ ಆರಿಸಲು ಹೆಬ್ಬೆರಳಿಗೆ ಸಿಗುವ ಸ್ವಿಚ್ ಇಡಿಸಿ.

ಆ ದೀಪಕ್ಕೆ ಕರೆಂಟು ಕೊಡುವ ರೀತಿಯ ಮೇಲೆ ಇಡೀ ಪ್ರವಾಸ ನಿಂತಿದೆ. ಹಳೆಯ ಗಾಡಿಗಳಲ್ಲಿ ಹೀಗಿರಲಿಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿಗಳನ್ನು ಬಿಚ್ಚಿ ಜೋಡಿಸುತ್ತಲೇ ನಮ್ಮ ಕಡೆಯ ಒಂದು ತಲೆಮಾರಿನ ಮೆಕ್ಯಾನಿಕ್‌ಗಳು ಕೆಲಸ ಕಲಿತರು. ಆ ಗಾಡಿಗೆ ಕಿಕ್ಕರ್ ಇತ್ತು, ಕಾರ್ಬುರೇಟರ್ ಇತ್ತು, ಪೆಟ್ರೋಲು ಟ್ಯಾಂಕಿನಿಂದ ತಾನಾಗಿ ಇಳಿಯುತ್ತಿತ್ತು. ನಿಂತುಹೋದರೆ ಪ್ಲಗ್ ತೆಗೆದು ಉಜ್ಜಿ, ಜೆಟ್ ಊದಿ ಮುಂದೆ ಹೋಗಬಹುದಿತ್ತು. ಈಗಿನ ಬೈಕುಗಳಲ್ಲಿ ಬಹುಪಾಲಿಗೆ ಕಿಕ್ಕರ್ ಇಲ್ಲ, ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸಲು ಟ್ಯಾಂಕಿನೊಳಗೆ ವಿದ್ಯುತ್ ಪಂಪಿದೆ. ಬ್ಯಾಟರಿ ಪೂರ್ತಿ ಸತ್ತರೆ ಪಂಪೂ ಇಲ್ಲ, ಇಂಜೆಕ್ಟರೂ ಇಲ್ಲ. ಎಷ್ಟು ತಳ್ಳಿದರೂ ಗಾಡಿ ಎದ್ದೇಳದು. ಅಗ್ಗದ ಒಂದು ದೀಪದ ಜೋಡಿ ಬ್ಯಾಟರಿಯನ್ನು ಬರಿದು ಮಾಡಿ ಲಕ್ಷಗಟ್ಟಲೆ ಬೆಲೆಯ ಬೈಕನ್ನು ಕಾಡಿನ ದಾರಿಯಲ್ಲಿ ನಿಲ್ಲಿಸುವುದು ಹೀಗೆ.

ನನಗೇ ಆದದ್ದು ಹೇಳುತ್ತೇನೆ. ಒಂದು ಅಂಗಡಿಯಲ್ಲಿ ಹೆಡ್‌ಲೈಟಿನ ವೈರು ಸುಲಿದು ಅದಕ್ಕೇ ಫಾಗ್ ಲ್ಯಾಂಪು ಸುತ್ತಿ ಟೇಪು ಅಂಟಿಸಿದ್ದರು. ಸತ್ತೇಗಾಲದ ಹತ್ತಿರ ಮಳೆಯಲ್ಲಿ ನೀರಿಳಿದು ಫ್ಯೂಸ್ ಹೋಯಿತು. ಫಾಗ್ ಲ್ಯಾಂಪಿನ ಜೊತೆ ಹೆಡ್‌ಲೈಟೂ ಹೋಯಿತು. ಮೊಬೈಲಿನ ಟಾರ್ಚು ಹಿಡಿದು ಮಳವಳ್ಳಿಯತ್ತ ಗಾಡಿ ತಳ್ಳಿದ ಆ ರಾತ್ರಿಯ ಹೆದರಿಕೆ ಇನ್ನೂ ಮರೆತಿಲ್ಲ.

ಸರಿಯಾದ ವಿಧಾನ ಕಷ್ಟದ್ದಲ್ಲ. ಬ್ಯಾಟರಿಯ ಪ್ಲಸ್‌ನಿಂದ ಹೊಸದೊಂದು ವೈರು ಹೊರಡಬೇಕು. ಬ್ಯಾಟರಿಯಿಂದ ಗೇಣುದ್ದದೊಳಗೆ ಅದಕ್ಕೆ ಫ್ಯೂಸ್ ಇರಬೇಕು. ಫ್ಯೂಸ್ ದೀಪದ ಬಳಿ ಇದ್ದರೆ ನಡುವಿನ ಉದ್ದನೆಯ ವೈರಿಗೆ ರಕ್ಷಣೆಯೇ ಇಲ್ಲ, ಅದು ಚಾಸಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ. ಫ್ಯೂಸಿನಿಂದ ವೈರು ರಿಲೇಗೆ ಹೋಗುತ್ತದೆ. ರಿಲೇಯ ಕೆಳಗೆ ಸಂಖ್ಯೆಗಳು ಬರೆದಿರುತ್ತವೆ: 30ಕ್ಕೆ ಬ್ಯಾಟರಿಯಿಂದ ಬಂದದ್ದು, 87ರಿಂದ ದೀಪಕ್ಕೆ, 85 ಅರ್ಥಿಂಗಿಗೆ, 86ಕ್ಕೆ ಸ್ವಿಚ್ಚಿನ ಮೂಲಕ ಇಗ್ನಿಷನ್ ಕರೆಂಟು. ಸ್ವಿಚ್ಚಿನಲ್ಲಿ ಹರಿಯುವುದು ಸಣ್ಣ ಕರೆಂಟು, ದೀಪದ ಭಾರ ಹೊರುವುದು ರಿಲೇ. ಇನ್ನೊಂದು ಲಾಭ, ಕೀಲಿ ತೆಗೆದ ಕೂಡಲೇ ದೀಪವೂ ಆರುತ್ತದೆ. ವಡೆ ತಿಂದು ಬರುವಷ್ಟರಲ್ಲಿ ಬ್ಯಾಟರಿ ಬರಿದಾಗುವ ಭಯವಿಲ್ಲ. 20 ವಾಟಿನ ಎರಡು ದೀಪವೆಂದರೆ 40 ವಾಟು, 12 ವೋಲ್ಟಿಗೆ ಭಾಗಿಸಿದರೆ ಸುಮಾರು 3.3 ಆಂಪಿಯರ್. 5 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡದು ಹಾಕುವುದು ಜ್ವರ ಅಳೆಯುವ ಕಡ್ಡಿಯನ್ನೇ ಮುರಿದಂತೆ. ಕಂಪನಿಯ ಮೂಲ ವೈರಿಂಗನ್ನು ಎಲ್ಲೂ ಕತ್ತರಿಸಲು ಬಿಡಬೇಡಿ, ವಾರಂಟಿಯ ಜಗಳ ಶುರುವಾಗುವುದೇ ಅಲ್ಲಿಂದ. ಕೆಲಸ ಮುಗಿದ ಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಯಾವ ವೈರೂ ಬಿಗಿಯಾಗಿ ಎಳೆಯಬಾರದು.

ಮೊಬೈಲ್ ಸ್ಟ್ಯಾಂಡಿನ ಬಗ್ಗೆ ಒಂದೇ ಎಚ್ಚರಿಕೆ. ಬೈಕಿನ ಇಂಜಿನ್ನಿನ ಕಂಪನ ಐಫೋನಿನ ಕ್ಯಾಮೆರಾವನ್ನು ಕೆಡಿಸಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಹೇಳಿತು. ಕಂಪನ ತಡೆಯುವ ರಬ್ಬರ್ ಇರುವ ಸ್ಟ್ಯಾಂಡ್ ತಗೊಳ್ಳಿ, ಇಲ್ಲವೇ ಹಳೆಯ ಫೋನನ್ನು ದಾರಿ ನೋಡಲು ಇಟ್ಟುಕೊಳ್ಳಿ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ತಪ್ಪಾಗುತ್ತದೆ. ಒಬ್ಬರಿಗೊಂದು, ಇಬ್ಬರಿಗೊಂದು ಅಂಕಿಯನ್ನು ಕಂಪನಿ ಗಾಡಿಯ ಮೇಲೇ ಅಂಟಿಸಿರುತ್ತದೆ. ಲಗೇಜು ಇದ್ದರೆ ಇಬ್ಬರ ಅಂಕಿಯೇ ನಿಮ್ಮದು. ಟ್ಯೂಬ್‌ಲೆಸ್ ಟೈರಾದರೆ ಪಂಚರ್ ಕಿಟ್ಟೂ ಸಣ್ಣ ಪಂಪೂ ಜೊತೆಗಿದ್ದರೆ ಹತ್ತು ನಿಮಿಷದ ಕೆಲಸ, ಆದರೆ ಮನೆಯಲ್ಲೇ ಹಳೆಯ ಟೈರಿನ ಮೇಲೆ ಒಮ್ಮೆ ಅಭ್ಯಾಸ ಮಾಡಿ. ಕಡ್ಡಿ ಚಕ್ರದ ಗಾಡಿಗಳಲ್ಲಿ ಹೆಚ್ಚಿನವುಗಳಿಗೆ ಟ್ಯೂಬು ಇರುತ್ತದೆ. ಅಂಥ ಗಾಡಿಯವರು ಹೊಸ ಟ್ಯೂಬು, ಟೈರ್ ಲಿವರ್ ಒಯ್ಯಬೇಕು, ಚಕ್ರ ಬಿಚ್ಚುವ ಸ್ಪಾನರ್ ಇದೆಯೇ ಎಂದು ನೋಡಿಕೊಳ್ಳಬೇಕು. ಟೈರ್ ಬಿಚ್ಚಲು ಬಾರದಿದ್ದರೂ ಪರವಾಗಿಲ್ಲ. ನಮ್ಮ ಹಳ್ಳಿಗಳ ಪಂಚರ್ ಅಂಗಡಿಯಲ್ಲಿ ಕೈಚಳಕ ಇದ್ದೇ ಇದೆ, ನಿಮ್ಮ ಅಳತೆಯ ಟ್ಯೂಬು ಮಾತ್ರ ಸಿಗುವುದು ಕಷ್ಟ.

ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಗೆ ಕಂಪನಿಯದೇ ಸಿಗುವುದಾದರೆ ನನ್ನ ಪಟ್ಟಿಯಲ್ಲಿ ಅದಕ್ಕೇ ಮೊದಲ ಜಾಗ. ಪಂಚರ್ ತೆಗೆಯಲು, ಐನೂರು ಕಿ.ಮೀ.ಗೊಮ್ಮೆ ಚೈನಿಗೆ ಎಣ್ಣೆ ಬಿಡಲು, ಹೊರೆ ಸಮನಾಗಿ ಕಟ್ಟಲು ಅದೊಂದೇ ಸಾಕು. ಮಳೆಗಾಲದಲ್ಲಿ ನಾಲೆ ಏರಿಯ ಮಣ್ಣಿಗೆ ಸೈಡ್ ಸ್ಟ್ಯಾಂಡ್ ಇಳಿದು ಗಾಡಿ ಮಗುಚುತ್ತದೆ, ಅಂಗೈ ಅಗಲದ ಹಲಗೆ ತುಂಡೊಂದು ಚೀಲದ ಬದಿಯಲ್ಲಿರಲಿ. ಇಂಜಿನ್ ಕಾಯುವ ಲೆಗ್ ಗಾರ್ಡು ಒಳ್ಳೆಯದೇ. ಕೊಳ್ಳುವಾಗ ಅದನ್ನು ಗಾಡಿಯ ಚಾಸಿಯಲ್ಲಿ ಮೊದಲೇ ಇರುವ ತೂತುಗಳಿಗೆ ಕೂರಿಸುವಂತಿದೆಯೇ ನೋಡಿ, ವೆಲ್ಡಿಂಗ್ ಬೇಡ.

ಕಾನೂನಿನ ಗೆರೆ ಎಲ್ಲಿದೆಯೆಂದು ತಿಳಿದಿರುವುದು ಒಳ್ಳೆಯದು. ನೋಂದಣಿ ಪತ್ರದಲ್ಲಿನ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕೇರಳದಿಂದ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಚಾಸಿ, ಇಂಜಿನ್ ಮುಟ್ಟಬೇಡಿ. ಸೈಲೆನ್ಸರ್ ಬದಲಿಸಬೇಡಿ, ನಸುಕಿನಲ್ಲಿ ಹೊರಟಾಗ ಮಲಗಿರುವ ಊರುಗಳ ನೆನಪೂ ಇರಲಿ. ಹಾಕಿಸಿದ ಬೆಲೆಬಾಳುವ ಸಾಮಾನನ್ನು ವಿಮೆ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಬರೆಸಿ.

ಗಾಡಿಗೆ ಸುರಿಯುವ ದುಡ್ಡಿನಲ್ಲಿ ಸವಾರರಿಬ್ಬರ ಪಾಲು ಮೊದಲು ಎತ್ತಿಡಿ. ಐಎಸ್ 4151 ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಇಬ್ಬರಿಗೂ, ಕೈಗವಸು ಇಬ್ಬರಿಗೂ, ಕಣಕಾಲು ಮುಚ್ಚುವ ಬೂಟು ಇಬ್ಬರಿಗೂ. ಏಪ್ರಿಲ್ ಬಿಸಿಲಿಗೆ ಗಾಳಿಯಾಡುವ ಬಲೆಯ ಜಾಕೆಟ್ಟೇ ಸರಿ. ಸೀಟು ಗಟ್ಟಿಯೆಂದು ಸ್ಪಂಜು ಏರಿಸುವ ಆತುರ ಬೇಡ, ಮೆತ್ತನೆಯದು ಮೊದಲ ಗಂಟೆಗೆ ಸುಖ, ಮೂರನೆಯ ಗಂಟೆಗೆ ಶಿಕ್ಷೆ.

ಈಗ, ಬೇಕಾದ್ದನ್ನು ಕೂರಿಸಿದ ಮೇಲೆ, ಮೊದಲು ಹೇಳಿದ ಸುತ್ತಿಗೇ ಮತ್ತೆ ಹೊರಡಿ. ಚೀಲದಲ್ಲಿ ಬಟ್ಟೆ, ಸ್ಪಾನರು, ನೀರು, ಎಲ್ಲ ನಿಜವಾದ ತೂಕದಲ್ಲಿ. ಹೊಸದಾಗಿ ಕೂರಿಸಿದ ಪ್ರತಿ ನಟ್ಟಿನ ಮೇಲೂ ನಟ್ಟಿನಿಂದ ಚೌಕಟ್ಟಿಗೆ ದಾಟುವಂತೆ ಉಗುರು ಬಣ್ಣದ ಒಂದು ಗೆರೆ ಎಳೆದಿರಿ. ಮಂಡ್ಯದಿಂದ ಸುಮಾರು ಇಪ್ಪತ್ತು ಕಿ.ಮೀ. ಸರ್ವಿಸ್ ರಸ್ತೆ ಹಿಡಿದು ಮದ್ದೂರು ಸೇರಿದಾಗ ವಡೆಗೆ ನಿಲ್ಲುತ್ತೀರಲ್ಲ, ಆಗಲೇ ಮೊದಲ ತಪಾಸಣೆ. ಗೆರೆ ಒಡೆದು ಬೇರೆಯಾಗಿದ್ದರೆ ನಟ್ಟು ಸಡಿಲಾಗಿದೆ. ಅಲ್ಲಿಂದ ಕೆ.ಎಂ. ದೊಡ್ಡಿ ಮೂಲಕ ಮಳವಳ್ಳಿಗೆ ಹೋಗುವಾಗ, ಹಿಂದೆ ಮುಂದೆ ಯಾರೂ ಇಲ್ಲದ ನೇರ ದಾರಿಯಲ್ಲಿ 50 ಕಿ.ಮೀ. ವೇಗದಿಂದ ಎರಡೂ ಬ್ರೇಕು ಹಿಡಿದು ನಿಲ್ಲಿಸಿ ನೋಡಿ. ಬರಿಗಾಡಿ ನಿಲ್ಲುತ್ತಿದ್ದ ಜಾಗಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸವೆಂದು ಮೈಗೆ ಗೊತ್ತಾಗಬೇಕು. ಸುಗ್ಗಿಯ ದಿನಗಳಾದರೆ ರಸ್ತೆಯ ಮೇಲೆ ಹುರುಳಿ, ರಾಗಿ ಒಕ್ಕಣೆ ಹರಡಿರುತ್ತಾರೆ. ಅದರ ಮೇಲೆ ಬ್ರೇಕು ಹಿಡಿದರೆ ಟೈರು ಜಾರುತ್ತದೆ, ಹುರುಳಿ ಬಳ್ಳಿ ಚೈನಿಗೂ ಚಕ್ರಕ್ಕೂ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ತಾಗಿದರೆ ಹೊತ್ತಿಕೊಳ್ಳಲೂಬಹುದು. ದಾಟಿದ ಮೇಲೆ ನಿಲ್ಲಿಸಿ ಕೈಹಾಕಿ ಕಿತ್ತು ತೆಗೆಯಿರಿ.

ಮಳವಳ್ಳಿಯಲ್ಲಿ ಎರಡನೆಯ ತಪಾಸಣೆ, ಮಂಡ್ಯಕ್ಕೆ ಹಿಂದಿರುಗಿದ ಮೇಲೆ ಮೂರನೆಯದು. ಚೀಲದಲ್ಲಿ ಕೈಗೇ ಬಾರದ ವಸ್ತುಗಳನ್ನು ಆಚೆ ಇಡಿ. ಉಳಿಯಬೇಕಾದದ್ದು ಸ್ವಲ್ಪವೇ: ಫ್ಯೂಸುಗಳು, ಒಂದು ಪ್ಲಗ್, ಅಲೆನ್ ಕೀ, ಟೇಪು, ಬೈಂಡಿಂಗ್ ವೈರು, ಟಾರ್ಚು, ಪಂಚರ್ ಸಾಮಾನು. ಬದಲಿ ಕ್ಲಚ್ ಕೇಬಲನ್ನು ಚೀಲದಲ್ಲಿಡುವುದಕ್ಕಿಂತ ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟರೆ, ಹರಿದಾಗ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು.

ಇದರಲ್ಲಿ ಗಾಡಿ ಗೆದ್ದರೆ ಎರಡನೆಯ ಪರೀಕ್ಷೆಗೆ ಮಳವಳ್ಳಿಯಿಂದಲೇ ರಾಷ್ಟ್ರೀಯ ಹೆದ್ದಾರಿ 948 ಹಿಡಿಯಿರಿ. ಕೊಳ್ಳೇಗಾಲ, ಚಾಮರಾಜನಗರ ದಾಟಿ ಸತ್ಯಮಂಗಲದ ಕಡೆಗೆ ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳನ್ನು ಇಳಿದು ಹತ್ತಬೇಕು. ಇಳಿಯುವಾಗ ಎರಡನೆಯ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆಯಲಿ, ಬ್ರೇಕು ಬಿಟ್ಟು ಬಿಟ್ಟು ಹಿಡಿಯಿರಿ. ಅದು ಆನೆಗಳ ಕಾಡು, ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಮಂಡ್ಯವನ್ನು ಬೆಳಗಿನ ಐದಕ್ಕೆ ಬಿಟ್ಟರೆ ಬೆಳಕಿರುವಾಗಲೇ ಘಾಟಿ ಹತ್ತಿ ವಾಪಸು ಮಳವಳ್ಳಿ ಸೇರಬಹುದು.